ಮುಗಿಸಬಾರದಿದ್ದ ಮೂಲೆ

ನಿಮ್ಮ ಮನೆಯ ಗೋಡೆಯ ಮೂಲೆಯನ್ನು ನೀವು ಯಾವತ್ತಾದರೂ ಬೆರಳಿನಿಂದ ಸವರಿ ನೋಡಿದ್ದೀರಾ? ನೋಡಿರಲಾರಿರಿ. ಬಾಗಿಲಿಗೆ ತೋರಣ ಕಟ್ಟುತ್ತೇವೆ, ಹೊಸ್ತಿಲಿಗೆ ಅರಿಸಿನ ಬಳಿಯುತ್ತೇವೆ, ಕಿಟಕಿಗೆ ಹೂವಿನ ಪರದೆ ಇಳಿಬಿಡುತ್ತೇವೆ. ಮೂಲೆಗೆ ಮಾತ್ರ ನಮ್ಮಿಂದ ದಕ್ಕುವುದು ಪೊರಕೆ, ಮುರಿದ ಕೊಡೆ, ಯಾರೂ ಕೂರದ ಒಂದು ಕುರ್ಚಿ. ಐವತ್ತಮೂರು ವರ್ಷ ನಾನೂ ಹಾಗೆಯೇ ಬದುಕಿದವನು. ಈಗ ನೋಡಿ, ಯಾರ ಮನೆಗೆ ಹೋದರೂ ಕಾಫಿ ಬರುವುದಕ್ಕೆ ಮೊದಲೇ ಎದ್ದು ಹೋಗಿ, ಅವರ ಹಜಾರದ ಮೂಲೆಯನ್ನು ಕೆಳಗಿನಿಂದ ಕೈಗೆಟುಕುವಷ್ಟು ಎತ್ತರದವರೆಗೆ ಸವರಿ, ಉಬ್ಬಿದ್ದರೆ ‘ಪ್ಚ್’ ಎಂದು, ನೇರವಿದ್ದರೆ ‘ಆಹಾ’ ಎಂದು ವಾಪಸ್ಸು ಬಂದು ಕೂರುತ್ತೇನೆ. ನನ್ನ ಹೆಂಡತಿ ಉಮಾ ಅಂಥ ಹೊತ್ತಿನಲ್ಲಿ ತನ್ನ ಬಳೆಗಳನ್ನು ಎಣಿಸುತ್ತಾ ಕುಳಿತಿರುತ್ತಾಳೆ.

ಈ ಹುಚ್ಚು ನನಗೆ ಹಿಡಿದದ್ದು ಹೋದ ವರ್ಷ. ನಂಜನಗೂಡಿನಲ್ಲಿರುವ ನಮ್ಮ ಹಳೆಯ ಮನೆಗೆ ಉದ್ದನೆಯ ಹಜಾರ. ಅದರ ಒಂದು ಕೊನೆಯಲ್ಲಿ ನನ್ನ ತಂಗಿ ದಾಕ್ಷಾಯಿಣಿಯ ಹೊಲಿಗೆ ಯಂತ್ರ. ಗಂಡ ತೀರಿಕೊಂಡ ಮೇಲೆ ಅವಳು ನಮ್ಮಲ್ಲಿಗೆ ಬಂದು ಹನ್ನೊಂದು ವರ್ಷವಾಗಿತ್ತು. ಬೀದಿಯ ಅರ್ಧ ಹೆಂಗಸರ ರವಿಕೆಗಳು ಅವಳ ಕೈಯಲ್ಲೇ ಹುಟ್ಟುತ್ತಿದ್ದವು. ಅಳತೆ ಕೊಡಲು ಯಾರಾದರೂ ಬಂದರೆಂದರೆ ನಾನು ಪೇಪರ್ ಓದುತ್ತಿದ್ದವನು ಪೇಪರ್ ಸಮೇತ, ಊಟ ಮಾಡುತ್ತಿದ್ದವನು ತಟ್ಟೆ ಸಮೇತ ಜಗಲಿಗೆ ವರ್ಗವಾಗಬೇಕಿತ್ತು. ಕೊನೆಗೊಂದು ದಿನ, ಹಜಾರಕ್ಕೆ ಅಡ್ಡ ಜಿಪ್ಸಮ್ ಹಲಗೆಯ ಗೋಡೆ ಹಾಕಿಸಿ ಅವಳಿಗೊಂದು ಕೋಣೆ ಮಾಡಿಕೊಡೋಣವೆಂದು ತೀರ್ಮಾನವಾಯಿತು.

ಮುಂದಕ್ಕೆ ಹೋಗುವ ಮೊದಲೇ ಒಂದು ಗುಟ್ಟು ಹೇಳಿಬಿಡುತ್ತೇನೆ, ಏಕೆಂದರೆ ನೀವೂ ನನ್ನಷ್ಟೇ ದಡ್ಡರಾಗಿ ಕೂರುವುದು ನನಗಿಷ್ಟವಿಲ್ಲ. ಆ ಗೋಡೆ ಹಾಕಲು ಬಂದ ಮನುಷ್ಯನ ಮೇಲೆ ನಲವತ್ತನಾಲ್ಕರ ನನ್ನ ತಂಗಿಗೆ ಮನಸ್ಸಾಗಿತ್ತು, ಅವರಿಗೂ ಅವಳ ಮೇಲೆ ಮನಸ್ಸಾಗಿತ್ತು. ಇಬ್ಬರಿಗೂ ಅದನ್ನು ಬಾಯಿಬಿಟ್ಟು ಹೇಳುವ ಧೈರ್ಯವಿರಲಿಲ್ಲ. ಒಬ್ಬರನ್ನೊಬ್ಬರು ನೋಡಲು ಅವರಿಗಿದ್ದ ಒಂದೇ ಒಂದು ನೆವ ಆ ಗೋಡೆಯ ಮೂಲೆ. ಮೂಲೆ ಮುಗಿದ ದಿನ ಅವರ ಭೇಟಿಯೂ ಮುಗಿದ ಹಾಗೆ. ಇದು ಉಮಾಳಿಗೆ ಗೊತ್ತಿತ್ತು, ಹಾಲು ಹಾಕುವವಳಿಗೆ ಗೊತ್ತಿತ್ತು, ರವಿಕೆ ಹೊಲಿಸುವವರಿಗೆಲ್ಲ ಗೊತ್ತಿತ್ತು. ಗೊತ್ತಿಲ್ಲದವನು ನಾನೊಬ್ಬ.

ಅವರ ಹೆಸರು ಸಿದ್ದರಾಜು, ಊರು ಸೋಸಲೆ. ಅಲ್ಲಿಂದ ನರಸೀಪುರಕ್ಕೊಂದು ಬಸ್ಸು, ನರಸೀಪುರದಿಂದ ನಮ್ಮೂರಿಗೆ ಇನ್ನೊಂದು. ಕೈಯಲ್ಲಿ ಒಂದು ಬಕೆಟ್ಟು, ಅದರೊಳಗೆ ಅಗಲದ ಬ್ಲೇಡು, ಕರಣೆ, ಉಪ್ಪುಕಾಗದ, ಊಟದ ಡಬ್ಬಿ. ಹೆಂಡತಿ ತೀರಿಹೋಗಿ ಆರು ವರ್ಷ, ಮಗಳು ಮದುವೆಯಾಗಿ ತನ್ನ ಮನೆಯಲ್ಲಿದ್ದಾಳೆ. ಒಬ್ಬರೇ ಬಂದರು, ಒಬ್ಬರೇ ಚೌಕಟ್ಟು ನಿಲ್ಲಿಸಿದರು, ಮೂರೇ ದಿನದಲ್ಲಿ ಹಲಗೆ ಬಡಿದು ಮುಗಿಸಿದರು. ಭಲೇ, ಇನ್ನು ನಾಳೆಯೋ ನಾಡಿದ್ದೋ ಬಣ್ಣ ಎಂದು ನಾನು ಹಿಗ್ಗಿದೆ. ಆಮೇಲೆ ಶುರುವಾಯಿತು ನೋಡಿ, ಮೂಲೆ.

ಮೂಲೆಗಳು ಇದ್ದದ್ದು ಎರಡೇ. ಹಲಗೆ ಬಾಗಿಲ ಕಡೆಗೆ ತಿರುಗುವ ಜಾಗದಲ್ಲಿ ಒಂದು ಹೊರಮೂಲೆ. ಅದಕ್ಕೆ ತೂತುತೂತಿನ ತಗಡಿನ ಪಟ್ಟಿ ಕೂರಿಸಿ ಮೇಲೆ ಮೆತ್ತಬೇಕು. ಹೊಸ ಹಲಗೆ ನಮ್ಮ ತಾತನ ಕಾಲದ ಗೋಡೆಯನ್ನು ಸೇರುವ ಜಾಗದಲ್ಲಿ ಒಂದು ಒಳಮೂಲೆ. ತಾತನ ಗೋಡೆ ತಾತನ ಹಾಗೆಯೇ, ಹೊಟ್ಟೆ ಮುಂದೆ ಬಿಟ್ಟುಕೊಂಡು ನಿಂತಿದೆ. ಹಲಗೆಯೋ ಪೊಲೀಸಿನವನ ಹಾಗೆ ನೇರ. ಇವೆರಡನ್ನೂ ರಾಜಿ ಮಾಡಿಸಿ, ನಡುವಿನ ಬಿರುಕಿಗೆ ಕಾಗದದ ಪಟ್ಟಿ ಅಂಟಿಸಿ, ಅದರ ಮೇಲೆ ಜಿಪ್ಸಮ್ ಪುಡಿ ಕಲಸಿ ಬಳಿದು, ಒಣಗಿಸಿ, ಉಜ್ಜಿ, ಮತ್ತೆ ಬಳಿಯಬೇಕು. ಎಷ್ಟು ದಿನ ಹಿಡಿಯುತ್ತದೆ ಎಂದು ಕೇಳಿದೆ.

“ಒಳಮೂಲೆಗೆ ಎರಡು ಕೆನ್ನೆ ಸಾ,” ಎಂದರು ಸಿದ್ದರಾಜು. “ಇವತ್ತು ಒಂದು ಕೆನ್ನೆ ಬಳದ್ರೆ ಇನ್ನೊಂದ ನಾಳೆಗಂಟ ಮುಟ್ಟಂಗಿಲ್ಲ. ಎರಡ್ನೂ ಒಟ್ಗೆ ಮಾಡಾಕೋದ್ರೆ ಈ ಕಡೆ ಸವರೋ ಬ್ಲೇಡು ಆ ಕಡೇದ ಕಿತ್ತಾಕ್ಬುಡ್ತದೆ. ಒಂದು ಒಣಗಿ ಗಟ್ಟಿಯಾಗ್ಬೇಕು, ಆಮೇಲೆ ಇನ್ನೊಂದು.”

ನಾನು ತಾಂಡ್ಯದ ಕಾರ್ಖಾನೆಯೊಂದರಲ್ಲಿ ತಯಾರಾಗಿ ಬಂದ ಲೋಹದ ಬಿಡಿಭಾಗಗಳನ್ನು ಅಳೆದು ಪಾಸು ಮಾಡುವವನು. ಆ ತಿಂಗಳು ಮಧ್ಯಾಹ್ನದ ಪಾಳಿಯಾದ್ದರಿಂದ ಊಟದ ತನಕ ಮನೆಯಲ್ಲೇ ಇರುತ್ತಿದ್ದೆ. ಇಪ್ಪತ್ತೆಂಟು ವರ್ಷದಿಂದ ಕೂದಲೆಳೆ ವ್ಯತ್ಯಾಸಕ್ಕೂ ಮಾಲು ವಾಪಸ್ಸು ಕಳಿಸಿದ ಖ್ಯಾತಿ ನನ್ನದು. ಒಂದು ಕೆನ್ನೆಗೆ ಒಂದು ದಿನವಂತೆ! ಈ ಆಸಾಮಿ ಕೆಲಸ ಎಳೆಯುತ್ತಿದ್ದಾನೆ ಎಂದು ಆ ಕ್ಷಣವೇ ಷರಾ ಬರೆದುಬಿಟ್ಟೆ.

ಎಳೆಯಲು ಅವರಿಗೆ ಸಹಾಯ ಮಾಡುತ್ತಿದ್ದವಳು ನನ್ನ ತಂಗಿ. ಯಂತ್ರದ ಮುಂದೆ ಕೂತು, ಕನ್ನಡಕವನ್ನು ಮೂಗಿನ ತುದಿಗೆ ಜಾರಿಸಿ, “ಅಲ್ಲಿ ಸೊಟ್ಟ ಅದೆ ನೋಡಿ, ಮೇಲಿಂದ ಮೂರನೇ ಗೇಣಿನಲ್ಲಿ,” ಎನ್ನುವಳು. ದರ್ಜಿಯ ಕಣ್ಣು, ಬಿಡುತ್ತದೆಯೇ? ಬೇರೆ ಕೆಲಸಗಾರನಾಗಿದ್ದರೆ ಸಿಡಿಮಿಡಿಗೊಳ್ಳುತ್ತಿದ್ದ. ಇವರೋ, “ಹೌದಲ್ವಾ, ಸರ್ಯಾಗಿ ಹೇಳುದ್ರಿ,” ಎಂದು ಮುಖವರಳಿಸಿಕೊಂಡು ಬಳಿದದ್ದನ್ನೆಲ್ಲ ಕೆರೆದು ತೆಗೆಯುವರು. ಬೈಸಿಕೊಳ್ಳುವುದೆಂದರೆ ಈತನಿಗೆ ಹೋಳಿಗೆ ಊಟ ಎಂದು ನಾನು ಬೆರಗಾಗುತ್ತಿದ್ದೆ. ಒಂದು ದಿನ ಅವರು ಕಾಗದದ ಪಟ್ಟಿಯನ್ನು ಉದ್ದಕ್ಕೆ ಎರಡಾಗಿ ಮಡಿಸುವುದನ್ನು ನೋಡಲಾರದೆ ದಾಕ್ಷಿ ಎದ್ದು ಹೋಗಿ, “ಕೊಡಿ ಇಲ್ಲಿ,” ಎಂದು ಕಿತ್ತುಕೊಂಡು, ಕತ್ತರಿಯ ಹಿಡಿಯಿಂದ ಒಂದೇ ಎಳೆತಕ್ಕೆ ಇಸ್ತ್ರಿ ಹೊಡೆದಂಥ ಮಡಿಕೆ ಬೀಳಿಸಿದಳು. ಮಾರನೆಯ ದಿನದಿಂದ ಪಟ್ಟಿ ಮಡಿಸುವುದು ಅವಳ ಕೆಲಸವೇ ಆಯಿತು. ನನ್ನ ತಂಗಿಯಿಂದ ಬಿಟ್ಟಿ ಚಾಕರಿ ಮಾಡಿಸಿಕೊಳ್ಳುತ್ತಿದ್ದಾನಲ್ಲ ಎಂದು ನನಗೆ ಉರಿ.

ಊಟದ ಹೊತ್ತಿಗೆ ಅವರು ಜಗಲಿಯಲ್ಲಿ ಕೂತು ತಮ್ಮ ಡಬ್ಬಿ ಬಿಚ್ಚುತ್ತಿದ್ದರು. ಒಳಗೆ ಬನ್ನಿ ಎಂದರೆ, “ಬ್ಯಾಡಿ ಸಾ, ಮೈಯೆಲ್ಲ ಧೂಳು,” ಎನ್ನುವರು. ನಾಲ್ಕನೆಯ ದಿನ ಜಗಲಿಗೆ ಒಂದು ಬಟ್ಟಲು ಉಪ್ಪುಸಾರು ಹೋಯಿತು, ಐದನೆಯ ದಿನ ಸಾರಿನ ಜೊತೆಗೆ ಹಿಟ್ಟೂ, ಅಂದರೆ ರಾಗಿಮುದ್ದೆಯೂ, ಹೋಯಿತು. ಆವತ್ತು ದಾಕ್ಷಿ ಅತ್ತಿಗೆಯ ಹತ್ತಿರ ಹೇಳುತ್ತಿದ್ದ ಮಾತು ನನ್ನ ಕಿವಿಗೂ ಬಿತ್ತು: “ಅವರು ಆ ಪುಡೀನ ಕಲಸೋದು ನೋಡಿದ್ರಾ ಅತ್ತಿಗೆ? ನಾವು ಹಿಟ್ಟು ತಿರುವ್ದಂಗೇಯ. ಒಂದು ಗಂಟು ಇರಾಕಿಲ್ಲ. ಆರು ವರ್ಷದಿಂದ ಅವರೇ ತಿರುವ್ಕಂಡು ಉಣ್ತಾವ್ರಂತೆ.” ಬೇರೆ ಯಾವ ಅಣ್ಣನಾದರೂ ಈ ಮಾತಿನಲ್ಲಿ ತನ್ನ ತಂಗಿಯ ದನಿ ನಡುಗಿದ್ದನ್ನು ಕೇಳಿಸಿಕೊಳ್ಳುತ್ತಿದ್ದ. ನಾನು ಕೇಳಿಸಿಕೊಂಡದ್ದು ಪುಡಿ ಕಲಸುವ ವಿಧಾನವನ್ನು ಮಾತ್ರ.

ಎರಡನೆಯ ವಾರದ ಗುರುವಾರದ ಹೊತ್ತಿಗೆ ಕೆಲಸ ಬಹುತೇಕ ಮುಗಿದಿತ್ತು. ಶುಕ್ರವಾರ ಬೆಳಿಗ್ಗೆ ನೋಡಿದರೆ ಹೊರಮೂಲೆಯಲ್ಲಿ, ಸೊಂಟದೆತ್ತರದಲ್ಲಿ, ಒಂದು ಚೂರು ಎದ್ದು ಹೋಗಿದೆ! ನಾನು ಪಕ್ಕದ ಮನೆಯ ಬೆಕ್ಕಿಗೆ ಬಾಯಿಗೆ ಬಂದಂತೆ ಬೈದೆ. ಸಿದ್ದರಾಜು ಆ ಗಾಯವನ್ನು ತುಂಬ ಹೊತ್ತು ನೋಡಿ, “ಇನ್ನು ಎರಡು ಮೂರು ದಿನ ಬೇಕಾಯ್ತದೆ ಸಾ,” ಎಂದು ಪರಮ ಸಂತೋಷದಿಂದ ಹೇಳಿದರು.

ಭಾನುವಾರ ಬಂತು. ಕಳಲೆಯಲ್ಲಿ ನಮ್ಮ ಬಂಧುಗಳ ಮನೆಯಲ್ಲಿ ಮಗುವಿಗೆ ಹೆಸರಿಡುವ ಶಾಸ್ತ್ರ. ಉಮಾ, ದಾಕ್ಷಿ ಇಬ್ಬರೂ ಬೆಳಿಗ್ಗೆಯೇ ಹೊರಟರು. ಸಿದ್ದರಾಜುಗೆ ರಜೆ, ಅವರ ಬಕೆಟ್ಟು ಮತ್ತು ಅರ್ಧ ಚೀಲ ಪುಡಿ ಮಾತ್ರ ಹಜಾರದಲ್ಲಿ. ನನಗೂ ರಜೆ, ಕೈ ನವೆ. ಒಂದು ದಿನದಲ್ಲಿ ಆಗುವುದನ್ನು ಹದಿನೈದು ದಿನ ಮಾಡುತ್ತಾರಲ್ಲ, ತೋರಿಸಿಬಿಡುತ್ತೇನೆ ಎಂದು ಪಂಚೆ ಎತ್ತಿ ಕಟ್ಟಿದೆ.

ಹಿಟ್ಟು ತಿರುವಿದ ಹಾಗೆ ತಾನೆ? ಮಂಡ್ಯ ಮೈಸೂರು ಸೀಮೆಯಲ್ಲಿ ಹುಟ್ಟಿದವನಿಗೆ ಇದನ್ನು ಯಾರು ಹೇಳಿಕೊಡಬೇಕು! ಅಡುಗೆಮನೆಗೆ ನುಗ್ಗಿ ದೊಡ್ಡ ಪಾತ್ರೆಯಲ್ಲಿ ನೀರಿಟ್ಟೆ. ನೀರು ಮರಳುತ್ತಲೇ ಪುಡಿಯನ್ನು ಸುರಿದು, ಹಿಟ್ಟಿನ ಕೋಲು ತೆಗೆದುಕೊಂಡು, ಪಾತ್ರೆಯನ್ನು ಎರಡು ಪಾದಗಳ ನಡುವೆ ಅವುಚಿ ಹಿಡಿದು ತಿರುವಿದೆ ನೋಡಿ, ಏನು ಠೀವಿ ಅಂತೀರಿ! ಐದನೆಯ ಸುತ್ತಿಗೆ ಕೋಲು ಭಾರವಾಯಿತು. ಎಂಟನೆಯ ಸುತ್ತಿಗೆ ನಿಂತಿತು. ಬಿಸಿನೀರಿಗೆ ಆ ಪುಡಿ ಕಲ್ಲಾಗುತ್ತದೆಂದು ನನಗೇನು ಗೊತ್ತು? ಕೋಲನ್ನು ಎತ್ತಿದರೆ ಪಾತ್ರೆಯೂ ಜೊತೆಗೇ ಮೇಲೆದ್ದು ಬಂತು. ಮನೆಯ ದೇವರನ್ನು ನೆನೆದು ಹಿತ್ತಿಲಿಗೆ ಓಡಿ, ಬಟ್ಟೆ ಒಗೆಯುವ ಕಲ್ಲಿಗೆ ಹತ್ತು ಸಲ ಬಡಿದ ಮೇಲೆ ಅದು ಬಿಟ್ಟುಕೊಂಡಿತು. ಹಿತ್ತಿಲ ಕಾಗೆಗಳೆಲ್ಲ ಬಂದು ಬೇಲಿಯ ಮೇಲೆ ಕೂತು ನೋಡಿದವು.

ಎರಡನೆಯ ಸಲ ತಣ್ಣೀರು. ಆಮೇಲೆ ಸಿದ್ದರಾಜು ಮಾಡುತ್ತಿದ್ದದ್ದನ್ನು ನೆನಪಿಸಿಕೊಂಡೆ: ನೀರಿನ ಮೇಲೆ ಪುಡಿಯನ್ನು ತೆಳ್ಳಗೆ ಉದುರಿಸಿ, ಅದು ತಾನಾಗಿ ನೆನೆದು ಮುಳುಗುವ ತನಕ ಸುಮ್ಮನೆ ಕೂತಿರುತ್ತಿದ್ದರು. ಹಿಟ್ಟಿಗೂ ಅದೇ ಅಲ್ಲವೇ, ಎಸರಿನ ಮೇಲೆ ಹಿಟ್ಟು ಬೇಯುವ ತನಕ ಕೋಲು ಮುಟ್ಟುವ ಹಾಗಿಲ್ಲ. ಸುಮ್ಮನೆ ಕೂರುವುದೇ ಆ ವಿದ್ಯೆಯ ಅರ್ಧ ಭಾಗ. ಅದು ನನ್ನ ಜಾಯಮಾನಕ್ಕೇ ಬಾರದ್ದು. ಆದರೂ ಕೂತೆ, ಕಲಸಿದೆ, ಬಳಿದೆ. ಒಂದು ಕೆನ್ನೆ ಬಳಿದಾಗ ಇನ್ನೊಂದು ಕಿತ್ತು ಬಂತು. ಅದನ್ನು ಸರಿ ಮಾಡಿದರೆ ಇದು ಕಿತ್ತು ಬಂತು. ಕೊನೆಗೆ ಬ್ಲೇಡು ಬಿಸಾಕಿ, ಹಿಟ್ಟು ಕಟ್ಟುವವರ ಹಾಗೆ ಕೈ ಒದ್ದೆ ಮಾಡಿಕೊಂಡು ಹೆಬ್ಬೆರಳಿನಿಂದ ಎರಡು ಕೆನ್ನೆಗಳನ್ನೂ ಒಟ್ಟಿಗೇ ಸವರಿಬಿಟ್ಟೆ. ಸಂಜೆ ನಾಲ್ಕಕ್ಕೆ ಮೂಲೆಮಟ್ಟ ಇಟ್ಟು ನೋಡುತ್ತೇನೆ, ಸ್ವಾಮಿ, ಕರಾರುವಾಕ್ಕು! ಹೊರಮೂಲೆ ಕತ್ತಿಯ ಅಂಚು, ಒಳಮೂಲೆ ಪುಸ್ತಕದ ಮಡಿಕೆ. ಹಜಾರದಲ್ಲಿ ಒಬ್ಬನೇ ಎರಡು ಹೆಜ್ಜೆ ಕುಣಿದೆ, ಸುಳ್ಳೇಕೆ ಹೇಳಲಿ.

ಕುಣಿದು ಸುಮ್ಮನಿದ್ದಿದ್ದರೆ ಆಗುತ್ತಿತ್ತು. ಸಿದ್ದರಾಜುಗೆ ಫೋನು ಹಚ್ಚಿದೆ.

“ನಾಳೆಯಿಂದ ನೀವು ಬರೋದು ಬೇಡ ಸಿದ್ದರಾಜು, ಎರಡೂ ಮೂಲೆ ಮುಗಿಸ್ಬಿಟ್ಟೆ!”

“ಮುಗೀತಾ ಸಾ?” ಎಂದರು. “ಸರಿ ಬುಡಿ. ನನ್ನ ಬಕೀಟು...”

“ಅದಕ್ಕೇನಂತೆ, ನರಸೀಪುರದ ಬಸ್ಸಿಗೆ ಹಾಕಿ ಕಳಿಸ್ತೀನಿ.”

“ಆಯ್ತು ಸಾ,” ಎಂದರು. ನಾನು ಓಡಿಹೋಗಿ ಬಸ್ ಸ್ಟ್ಯಾಂಡಿನಲ್ಲಿ ಕಂಡಕ್ಟರ್ ಕೈಗೆ ಬಕೆಟ್ಟು ಕೊಟ್ಟು, ಊರು ಗೆದ್ದವನ ಹಾಗೆ ವಾಪಸ್ಸು ಬಂದೆ.

ಹೆಂಗಸರು ಬಂದಾಗ ಬಾಗಿಲಲ್ಲೇ ತಡೆದು, ಕಣ್ಣು ಮುಚ್ಚಿಸಿ, ಕೈಹಿಡಿದು ಒಳಗೆ ಕರೆದುಕೊಂಡು ಹೋದೆ. ಉಮಾ ಕಣ್ಣು ತೆರೆದವಳೇ ನನ್ನ ಮುಖವನ್ನು ನೋಡಿದಳು. ದಾಕ್ಷಿ ಮೂಲೆಯನ್ನು ನೋಡಿದಳು. ಹತ್ತಿರ ಹೋಗಿ ಬೆರಳಿನಿಂದ ಕೆಳಗಿನಿಂದ ಮೇಲಕ್ಕೆ ಸವರಿದಳು. ಹದಿನೈದು ದಿನ ಒಂದಲ್ಲ ಒಂದು ಕೊಂಕು ಹುಡುಕಿದವಳು, “ಚೆಂದಾಗದೆ ಕಣಣ್ಣ. ಎಲ್ಲೂ ಸೊಟ್ಟ ಇಲ್ಲ,” ಎಂದಳು. ಬಕೆಟ್ಟು ಇದ್ದ ಜಾಗದ ಕಡೆಗೆ ಒಮ್ಮೆ ನೋಡಿ, ಮುಖ ತೊಳೆಯುತ್ತೇನೆಂದು ಬಚ್ಚಲಿಗೆ ಹೋದಳು. ಅಷ್ಟು ಹೊತ್ತು ಯಾರೂ ಮುಖ ತೊಳೆಯುವುದಿಲ್ಲ.

ಉಮಾ ನನ್ನನ್ನು ಹಿತ್ತಿಲಿಗೆ ಎಳೆದುಕೊಂಡು ಹೋದಳು.

“ಅಲ್ರೀ, ನಿಮ್ಮ ತಲೇಲೂ ಅದೇ ಪುಡೀನ ತುಂಬ್ಕಂಡಿರೋದು? ನನ್ನ ಅಕ್ಕ ಅಂತಾರೆ, ಹಾಲಿನೋಳ್ನ ಅಕ್ಕ ಅಂತಾರೆ, ಬೀದಿ ಹೆಂಗಸ್ರನ್ನೆಲ್ಲ ಅಕ್ಕ ಅಂತಾರೆ. ದಾಕ್ಷೀನ ಒಂದೇ ಒಂದು ಸಲ ಅಕ್ಕ ಅಂದಿದ್ದು ಕೇಳಿದ್ದೀರಾ?”

ನಾನು ಯೋಚಿಸಿದೆ. ‘ನೋಡಿ ಇವ್ರೆ’ ಎನ್ನುತ್ತಿದ್ದರು. ‘ಸರ್ಯಾಗಿ ಹೇಳುದ್ರಿ’ ಎನ್ನುತ್ತಿದ್ದರು. ಅಕ್ಕ ಎಂದದ್ದಿಲ್ಲ.

“ಗುರುವಾರ ಆ ಮೂಲೆ ಕಿತ್ತಿದ್ದು ಬೆಕ್ಕು ಅಂದ್ಕಂಡ್ರಾ? ಕತ್ತರೀಲಿ ಎಬ್ಸಿದ್ದು ನಿಮ್ಮ ತಂಗಿ. ನಾನೇ ಕಣ್ಣಾರೆ ಕಂಡೆ, ಕಂಡೂ ಕಾಣದಂಗೆ ಒಳಕ್ಕೋದೆ.”

ನಾನು ಒಗೆಯುವ ಕಲ್ಲಿನ ಮೇಲೆ ಕೂತೆ. ನಗು ಬಂತು, ಅದರ ಬೆನ್ನಿಗೇ ಅಳು ಬಂತು, ಎರಡೂ ಸೇರಿ ಬಿಕ್ಕಳಿಕೆ ಹತ್ತಿತು. ನನ್ನ ತಂಗಿ! ಶಾಲೆಯಲ್ಲಿ ಬಳಪ ಕೇಳಲೂ ಅಂಜುತ್ತಿದ್ದ ಹುಡುಗಿ, ಒಬ್ಬ ಮನುಷ್ಯ ನಾಳೆಯೂ ಬರಲಿ ಎಂದು ಕತ್ತರಿ ಹಿಡಿದು ಸ್ವಂತ ಮನೆಯ ಗೋಡೆಗೇ ಕೈಹಾಕಿದ್ದಾಳೆ.

ಆ ಕಲ್ಲಿನ ಮೇಲೆ ಕೂತು ನಾನು ಮೂಲೆಯ ಬಗ್ಗೆ ಮೊದಲ ಬಾರಿಗೆ ನಿಜವಾಗಿ ಯೋಚಿಸಿದೆ. ನಾವು ಮೂಲೆಯನ್ನು ಎಷ್ಟು ಬಗೆಯಲ್ಲಿ ಬಳಸುತ್ತೇವೆ! ದುಡ್ಡಿನ ಪೆಟ್ಟಿಗೆಗೆ ಕುಬೇರಮೂಲೆ ಹುಡುಕುತ್ತೇವೆ, ಬೇಡವಾದ ಸಾಮಾನನ್ನು ಮೂಲೆಗೆ ತಳ್ಳುತ್ತೇವೆ, ಪಾಠ ಒಪ್ಪಿಸದ ಹುಡುಗನನ್ನು ಮೂಲೆಯಲ್ಲಿ ನಿಲ್ಲಿಸುತ್ತೇವೆ, ಗಂಡ ಸತ್ತ ಹೆಣ್ಣು ‘ಮೂಲೆ ಹಿಡಿದಳು’ ಎನ್ನುತ್ತೇವೆ. ನಾನು ಆ ಮಾತನ್ನು ಎಂದೂ ಆಡಿದವನಲ್ಲ. ತಂಗಿಯನ್ನು ಕಣ್ಣ ರೆಪ್ಪೆಯ ಹಾಗೆ ನೋಡಿಕೊಂಡಿದ್ದೇನೆ ಎಂಬ ಹಮ್ಮು ನನಗಿತ್ತು. ಆದರೆ ಹನ್ನೊಂದು ವರ್ಷದ ಹಿಂದೆ ಅವಳ ಯಂತ್ರವನ್ನು ಹಜಾರದ ಮೂಲೆಯಲ್ಲಿಟ್ಟು, ‘ಇಲ್ಲಿ ನೆಮ್ಮದಿಯಾಗಿರವ್ವ’ ಎಂದವನು ನಾನೇ. ಅಲ್ಲಿಂದ ಎದ್ದು ಬರುವ ಮನಸ್ಸಿದೆಯೇ ಎಂದು ಒಂದು ದಿನವೂ ಕೇಳಲಿಲ್ಲ. ಕೂದಲೆಳೆ ವ್ಯತ್ಯಾಸ ಕಂಡುಹಿಡಿಯುವ ಈ ಕಣ್ಣಿಗೆ ಅದು ಕಾಣಲೇ ಇಲ್ಲವಲ್ಲ ಎಂದು ನನಗೆ ಬಹಳ ನಾಚಿಕೆಯಾಯಿತು.

“ಈಗೇನು ಮಾಡೋದು?” ಎಂದು ಉಮಾಳನ್ನು ಕೇಳಿದೆ. “ಫೋನ್ ಮಾಡಿ ಬನ್ನಿ ಅಂದುಬಿಡ್ಲಾ?”

“ಏನಂತ ಕರೀತೀರಿ? ನಮ್ಮ ದಾಕ್ಷಿ ಅಳ್ತಾ ಅವಳೆ ಬನ್ನಿ ಅಂತಲಾ? ಅವಳ ಮಾನ ಏನಾಗ್ಬೇಕು? ಕೆಲಸ ಅಂತ ಇದ್ರೆ ತಾನೆ ಅವರು ಬರೋದು.”

ಸೋಮವಾರ ನಾನು ಕಾರ್ಖಾನೆಗೆ ರಜೆ ಹಾಕಿದೆ. ದಾಕ್ಷಿ ಸ್ನಾನಕ್ಕೆ ಹೋದ ಸಮಯ ನೋಡಿ, ಒರಳಿನ ಗುಂಡುಕಲ್ಲನ್ನು ಎತ್ತಿಕೊಂಡು ಹಜಾರಕ್ಕೆ ಬಂದೆ. ಆಹಾ, ಬೆಳಗಿನ ಬಿಸಿಲಿನಲ್ಲಿ ನನ್ನ ಆ ಮೂಲೆ ಹೇಗೆ ನಿಂತಿತ್ತು! ಇಪ್ಪತ್ತೆಂಟು ವರ್ಷದಲ್ಲಿ ಅಷ್ಟು ಅಚ್ಚುಕಟ್ಟಾದ ಮಾಲನ್ನು ನಾನು ವಾಪಸ್ಸು ಕಳಿಸಿದವನಲ್ಲ. ಮೊದಲ ಏಟು ಹಾಕುವಾಗ ಕೈ ಹಿಂಜರಿಯಿತು, ತಗಡು ‘ಟಣ್’ ಎಂದಿತು, ಅಷ್ಟೇ. ಎರಡನೆಯ ಏಟಿಗೆ ಒಂದು ಚಕ್ಕೆ ಎದ್ದಿತು. ಬಾಗಿಲಲ್ಲಿ ನಿಂತಿದ್ದ ಉಮಾ, “ಅಷ್ಟಕ್ಕೆ ಅವರು ಅರ್ಧ ದಿನದಲ್ಲಿ ಮುಗಿಸ್ಕಂಡು ಹೋಗ್ಬುಡ್ತಾರೆ, ಇನ್ನೂ ಸ್ವಲ್ಪ,” ಎಂದು ಪಿಸುಗುಟ್ಟಿದಳು. ಮೂರನೆಯದನ್ನು ಎರಡೂ ಕೈಯಲ್ಲಿ ಎತ್ತಿ ಬಿಟ್ಟೆ. ತಗಡು ಸೊಟ್ಟಗಾಯಿತು, ಹಲಗೆ ಒಳಕ್ಕೆ ಕುಸಿಯಿತು, ಗುಂಡುಕಲ್ಲು ಗೋಡೆಯೊಳಗೆ ಹೋಗಿ ಕೂತುಬಿಟ್ಟಿತು. ಆ ಕಡೆಯ ಹೊಲಿಗೆ ಯಂತ್ರ ತೂತಿನಿಂದ ಕಾಣುತ್ತಿತ್ತು.

ಸದ್ದಿಗೆ ದಾಕ್ಷಿ ತಲೆಗೆ ಟವೆಲು ಸುತ್ತಿಕೊಂಡು ಓಡಿ ಬಂದಳು. ಗೋಡೆ ನೋಡಿದಳು, ನನ್ನ ಕೈ ನೋಡಿದಳು. “ಅಣ್ಣ, ಏನಿದು?”

“ಬೆಕ್ಕು ಕಣವ್ವ,” ಎಂದೆ.

ಅವಳ ಮುಖ ಮೊದಲು ಬಿಳುಪೇರಿತು, ಆಮೇಲೆ ಕೆಂಪೇರಿತು, ಆಮೇಲೆ ಅವಳಿಗೆ ನಗು ಬಂತು. ಬಂದ ನಗು ನಿಲ್ಲಲೇ ಇಲ್ಲ. ಗೋಡೆಗೆ ಒರಗಿ ನಕ್ಕಳು, ನೆಲಕ್ಕೆ ಕೂತು ನಕ್ಕಳು, “ಎಷ್ಟು ದೊಡ್ಡ ಬೆಕ್ಕಣ್ಣಾ ಅದು!” ಎಂದು ಕಣ್ಣೊರೆಸಿಕೊಂಡು ಮತ್ತೆ ನಕ್ಕಳು. ಹನ್ನೊಂದು ವರ್ಷದಲ್ಲಿ ನನ್ನ ತಂಗಿ ಹಾಗೆ ನಕ್ಕಿದ್ದನ್ನು ನಾನು ನೋಡಿರಲಿಲ್ಲ. ನಾವು ಮೂವರೂ ಜಿಪ್ಸಮ್ ಧೂಳಿನ ನಡುವೆ ಕೂತು ಹುಚ್ಚರ ಹಾಗೆ ನಕ್ಕೆವು, ಹಾಲಿನವಳು ಬಂದವಳು ಏನೆಂದು ಕೇಳದೆಯೇ ಸೇರಿಕೊಂಡಳು. ನಾನು ಅಲ್ಲೇ ಕೂತು ಫೋನು ಮಾಡಿದೆ: “ಸಿದ್ದರಾಜು, ನನ್ನ ಕೆಲಸ ಕೈಕೊಡ್ತು. ಮೂಲೆ ಪೂರ್ತಿ ಬಿದ್ದೋಗಿದೆ.” ಅವರು, “ಈಗ್ಲೇ ಬತ್ತೀನಿ ಸಾ,” ಎಂದರು, ಫೋನು ಇಡುವುದನ್ನು ಮರೆತು ಓಡಿದ್ದು ಚಪ್ಪಲಿಯ ಸದ್ದಿನಲ್ಲೇ ತಿಳಿಯಿತು.

ಎರಡು ಬಸ್ಸು ಹಿಡಿದು ಮಧ್ಯಾಹ್ನದ ಊಟದ ಹೊತ್ತಿಗೆ ಬಂದರು. ಬಕೆಟ್ಟು ಕೈಯಲ್ಲೇ ಹಿಡಿದುಕೊಂಡು ತೂತಿನ ಮುಂದೆ ನಿಂತರು. ಮುರಿದ ಅಂಚನ್ನು ಬೆರಳಿನಿಂದ ಮುಟ್ಟಿದರು. ಒಮ್ಮೆ ನನ್ನ ಕಡೆಗೆ, ಒಮ್ಮೆ ಅಡುಗೆಮನೆಯ ಬಾಗಿಲ ಕಡೆಗೆ ನೋಡಿದರು.

“ಇದು ಬೋ ಕೆಲಸ ಅದೆ ಸಾ. ಒಂದು ತಿಂಗಳೇ ಆಗ್ಬೋದು.”

ದಾಕ್ಷಿ ಅಡುಗೆಮನೆಯಿಂದ ಹಜಾರಕ್ಕೆ ಬಂದಳು. ಅವಳ ಕೈಯಲ್ಲಿ ಎರಡು ತಟ್ಟೆ ಇದ್ದವು, ಒಂದು ನನಗೆ, ಇನ್ನೊಂದು ಎಂದಿನ ಹಾಗೆ ಜಗಲಿಗೆ ಹೋಗಬೇಕಾದದ್ದು. ಎರಡನ್ನೂ ಹಜಾರದ ನಡುವೆ ಮಣೆಗಳ ಮುಂದೆ ಇಟ್ಟು, ಎದ್ದು ನಿಂತು, ಸೆರಗು ಸರಿ ಮಾಡಿಕೊಂಡು, ಎಲ್ಲರಿಗೂ ಕೇಳುವ ಹಾಗೆ ಹೇಳಿದಳು:

“ಇನ್ಮೇಲೆ ಈ ಮನೇಲಿ ಯಾರೂ ಗೋಡೆ ಒಡೀಬ್ಯಾಡಿ. ಮೂಲೆ ಕೆಡದೆ ಇದ್ರೂ ಇವರು ಬರ್ಲಿ. ಬತ್ತೀರಾ?”

ಸಿದ್ದರಾಜು ಬಕೆಟ್ಟನ್ನು ಮೆಲ್ಲಗೆ ಕೆಳಗಿಟ್ಟರು, ಧೂಳಿನ ಅಂಗಿಯ ತೋಳು ಮಡಿಸಿದರು, ಯಾರನ್ನೂ ಕೇಳದೆ ನೇರವಾಗಿ ನಮ್ಮ ಬಚ್ಚಲಿಗೆ ಕೈ ತೊಳೆಯಲು ಹೋದರು.